ಹಾಸ್ಟೆಲಿನ ಬಾಗಿಲಿಗೆ ಬಾರದ ಮಕ್ಕಳು

ಇವತ್ತು ರಾತ್ರಿ ತಟ್ಟೆ ಹಿಡಿದು ಊಟದ ಸಾಲಿನಲ್ಲಿ ನಿಂತಾಗ ಒಂದು ಲೆಕ್ಕ ಹಾಕಿ. ಕೊಡಗಿನ ಕಾಫಿ ತೋಟದ ಲೈನ್ ಮನೆಯಲ್ಲಿ ಹುಟ್ಟಿದವರು ನಿಮ್ಮ ಹಾಸ್ಟೆಲಿನಲ್ಲಿ ಎಷ್ಟು ಜನ ಇದ್ದೀರಿ? ಯರವರು ಎಷ್ಟು, ಜೇನುಕುರುಬರು ಎಷ್ಟು, ಪಣಿಯರು ಎಷ್ಟು, ಕೆಂಬಟ್ಟಿಯವರು ಎಷ್ಟು? ಬೆರಳು ಮಡಚುವುದು ಬೇಗ ಮುಗಿದುಹೋಗುತ್ತದೆ. ಉಳಿದವರೆಲ್ಲ ಎಲ್ಲಿ?

ಕೇಳಿದರೆ ಇಲಾಖೆಯವರ ಹತ್ತಿರ ಸಿದ್ಧ ಉತ್ತರವಿದೆ: 'ಶಾಲೆ ಬಿಟ್ಟ ಮಕ್ಕಳು'. ತಾವಾಗಿ ಬಿಟ್ಟುಹೋದರು ಅನ್ನೋ ಹಾಗೆ! ಆ ಮಕ್ಕಳ ಕೈಯಿಂದ ಸ್ಲೇಟು ಕಿತ್ತುಕೊಂಡದ್ದು ಯಾವಾಗ, ಯಾರು ಅನ್ನೋದನ್ನು ಈ ಸಲ ನೋಡೋಣ.

ಕುಯ್ಲಿನ ಕಾಲದ ಒಂದು ಬೆಳಗು. ಸಿದ್ದಾಪುರ, ಪಾಲಿಬೆಟ್ಟ, ಅಮ್ಮತ್ತಿ, ಯಾವ ಕಡೆಯಾದರೂ ಸರಿ. ಮಂಜು ಆರುವ ಮೊದಲೇ ಅವ್ವ ಅಪ್ಪ ಇಬ್ಬರೂ ಮೇಸ್ತ್ರಿಯ ಮುಂದೆ ನಿಲ್ಲಬೇಕು. ಹಣ್ಣು ಕುಯ್ದರೆ ಕೂಲಿ ಕಿಲೋ ಲೆಕ್ಕ. ಕೈ ನಿಧಾನವಾದರೆ ಹೊಟ್ಟೆಗೆ ಹೊಡೆತ. ಎಂಟು ತಿಂಗಳ ಕೂಸನ್ನು ಏನು ಮಾಡೋದು? ಒಂದೋ ತೋಟಕ್ಕೆ ಎತ್ತಿಕೊಂಡು ಹೋಗಿ ಗಿಡದ ಬುಡದಲ್ಲಿ ಚೀಲ ಹಾಸಿ ಮಲಗಿಸಬೇಕು. ಅಲ್ಲಿ ಇರುವೆ, ಹಾವು, ಸಾಲದ್ದಕ್ಕೆ ಆನೆ. ಇಲ್ಲವೇ ಏಳು ವರ್ಷದ ಅಕ್ಕನ ಸೊಂಟಕ್ಕೆ ಏರಿಸಬೇಕು. ಆ ಅಕ್ಕ ಶಾಲೆಗೆ ಹೋಗೋದು ಹೇಗೆ? ಒಂದು ಕೂಸಿಗೆ ಜಾಗ ಇಲ್ಲದ್ದಕ್ಕೆ ಎರಡು ಮಕ್ಕಳ ಅಕ್ಷರ ಹೋಯಿತು. ಶಾಲೆಯ ಹಾಜರಿ ಪುಸ್ತಕದಲ್ಲಿ ಅಕ್ಕನ ಹೆಸರಿನ ಮುಂದೆ 'ಗೈರು'. ತೋಟದ ಪುಸ್ತಕದಲ್ಲಿ ಅವ್ವನ ಹೆಸರಿನ ಮುಂದೆ ಕಿಲೋ. ಅಕ್ಕ ಹೊತ್ತ ಭಾರ ಯಾವ ಪುಸ್ತಕದಲ್ಲೂ ಇಲ್ಲ.

ಕಾನೂನು ಇರಲಿಲ್ಲವೇ? ಇತ್ತು. 1951ರ ತೋಟ ಕಾರ್ಮಿಕರ ಕಾಯಿದೆಯ ಪ್ರಕಾರ 50 ಹೆಣ್ಣಾಳುಗಳಿರುವ ತೋಟದಲ್ಲಿ ಮಾಲೀಕರೇ ಶಿಶುವಿಹಾರ ನಡೆಸಬೇಕು. ಮುಂದೆ ತಿದ್ದುಪಡಿಯಾಗಿ, ಹೆಣ್ಣಾಳುಗಳ ಮಕ್ಕಳು 20 ಇದ್ದರೂ ಸಾಕು, ಕಂತ್ರಾಟಿನ ಆಳುಗಳನ್ನೂ ಎಣಿಸಬೇಕು ಅಂತಾಯಿತು. ಈಗ ಆ ಕಾಯಿದೆಯನ್ನು 2020ರ ಹೊಸ ಸಂಹಿತೆಯೊಳಗೆ ಸೇರಿಸಿ 2025ರ ನವೆಂಬರ್ 21ರಿಂದ ಜಾರಿಗೆ ತಂದಿದ್ದಾರೆ. ಶಿಶುವಿಹಾರದ ಮಾತು ಅದರಲ್ಲೂ ಉಳಿದಿದೆ. ಆದರೆ ಕೊಡಗಿನಲ್ಲಿ ಸಣ್ಣ ಹಿಡುವಳಿಯ ತೋಟಗಳೇ ಹೆಚ್ಚು. ಹತ್ತು ಆಳು ಇಲ್ಲಿ, ಹದಿನೈದು ಆಳು ಅಲ್ಲಿ. ಅವರ ಕೂಸುಗಳು ಈ ಲೆಕ್ಕಕ್ಕೆ ಬರುವುದೇ ಇಲ್ಲ. ದೇಶದ ಕಾಫಿಯಲ್ಲಿ ಸುಮಾರು ಮೂರರಲ್ಲಿ ಒಂದು ಪಾಲು ಬೆಳೆಯುವ ನಾಡಿನಲ್ಲಿ, ಅದನ್ನು ಕುಯ್ಯುವವಳ ಕೂಸಿಗೆ ಒಂದು ಚಾಪೆಯಷ್ಟು ಜಾಗ ಇಲ್ಲ.

ಇನ್ನು ಅಂಗನವಾಡಿ. 1975ರ ಅಕ್ಟೋಬರ್ 2ರಂದು ಈ ಯೋಜನೆ ಶುರುವಾಯಿತು. ನಮ್ಮ ರಾಜ್ಯದಲ್ಲಿ ಮೊದಲು ಟಿ. ನರಸೀಪುರದಲ್ಲಿ. ಅದೇ ತಿಂಗಳ ಕೊನೆಗೆ ಜೀತ ರದ್ದು ಮಾಡುವ ಸುಗ್ರೀವಾಜ್ಞೆಯೂ ಬಂತು. ಒಂದೇ ತಿಂಗಳಲ್ಲಿ ಸರ್ಕಾರ ಕೂಸಿಗೆ ಅನ್ನ ಕೊಡ್ತೀನಿ ಅಂದಿತು, ಅಪ್ಪನ ಜೀತ ಬಿಡಿಸ್ತೀನಿ ಅಂದಿತು. ಐವತ್ತು ವರ್ಷ ಕಳೆಯಿತು. ಮುಂಗಡ ಕೊಟ್ಟು ಕುಟುಂಬವನ್ನೇ ಲೈನಿನಲ್ಲಿ ಕಟ್ಟಿಹಾಕುವ ಪದ್ಧತಿ ಪೂರಾ ಸತ್ತಿಲ್ಲ. ಅಂಗನವಾಡಿ ಊರಿಗೆ ಬಂತು, ರಸ್ತೆಗೆ ಬಂತು, ತೋಟದ ಗೇಟು ದಾಟಿ ಒಳಗೆ ಬಂದದ್ದು ಕಡಿಮೆ. ಅದು ಬೆಳಗ್ಗೆ ಒಂಬತ್ತೂವರೆಗೆ ತೆರೆಯುವ ಹೊತ್ತಿಗೆ ಅವ್ವ ಕೆಲಸಕ್ಕೆ ಇಳಿದು ಎಷ್ಟೋ ಹೊತ್ತಾಗಿರುತ್ತದೆ. ಅಲ್ಲಿ ಕೂತು ಕಲಿಯೋದು ಮೂರು ವರ್ಷ ತುಂಬಿದ ಮಕ್ಕಳು. ಅದಕ್ಕಿಂತ ಚಿಕ್ಕವಕ್ಕೆ ಮನೆಗೆ ಒಯ್ಯುವ ಪೌಷ್ಟಿಕ ಹಿಟ್ಟಿನ ಪೊಟ್ಟಣ ಸಿಗುತ್ತದೆ. ಪೊಟ್ಟಣ ಕೂಸನ್ನು ಎತ್ತಿಕೊಳ್ಳುತ್ತದೆಯೇ? 2017ರಲ್ಲಿ ಮಾತೃಪೂರ್ಣ ಯೋಜನೆ ಬಂದಾಗ ಬಸುರಿ ಬಾಣಂತಿಯರು ಮಧ್ಯಾಹ್ನ ಅಂಗನವಾಡಿಗೆ ಬಂದು ಬಿಸಿಯೂಟ ಮಾಡಬೇಕು ಅಂದರು. ಮಧ್ಯಾಹ್ನ ನಮ್ಮ ಅವ್ವ ತೋಟದ ಯಾವ ಮೂಲೆಯಲ್ಲಿರುತ್ತಾಳೆ ಅಂತ ಯೋಜನೆ ಬರೆದವರಿಗೆ ಗೊತ್ತಿತ್ತೇ?

ಲೈನ್ ಮನೆಗೆ ವಿಳಾಸ ಇಲ್ಲ ಅನ್ನೋದನ್ನೂ ಮರೆಯಬೇಡಿ. ಮಾಲೀಕ ಬಿಡು ಅಂದ ದಿನ ಕೂಸಿನ ಅಂಗನವಾಡಿಯೂ ಬಿಟ್ಟುಹೋಗುತ್ತದೆ. ಸ್ವಂತ ನೆಲ ಬೇಕು ಅಂತ ಲೈನ್ ಬಿಟ್ಟು ಬಂದವರಿಗೆ ಏನಾಯಿತು? 2016ರ ಡಿಸೆಂಬರಿನಲ್ಲಿ ದಿಡ್ಡಳ್ಳಿಯಲ್ಲಿ 577 ಕುಟುಂಬಗಳ ಗುಡಿಸಲು ಕಿತ್ತರು. ಎಳೆ ಮಕ್ಕಳು ಮರದಡಿ ಮಲಗಿದವು. ಹೋರಾಟ ಮಾಡಿದ ಮೇಲೆಯೇ ಬಸವನಹಳ್ಳಿ, ಬ್ಯಾಡಗೊಟ್ಟಗಳಲ್ಲಿ ಮನೆ ಸಿಕ್ಕಿದ್ದು. ಈಗ ಅಸ್ಸಾಮಿನಿಂದ ಬಂದ ಕುಟುಂಬಗಳೂ ಲೈನುಗಳಲ್ಲಿವೆ. ಅವರ ಕೂಸು ಬೇರೆ, ನಮ್ಮ ಕೂಸು ಬೇರೆ ಅನ್ನುವವರು ಮಾಲೀಕನ ಕೆಲಸವನ್ನೇ ಮಾಡುತ್ತಾರೆ.

ನಮ್ಮ ತಪ್ಪನ್ನೂ ಹೇಳಿಕೊಳ್ಳಬೇಕು. ಹಾಸ್ಟೆಲಿನ ಅನ್ನಕ್ಕೆ, ವಿದ್ಯಾರ್ಥಿವೇತನಕ್ಕೆ, ಮೀಸಲಾತಿಗೆ ನಾವು ಬೀದಿಗಿಳಿದಿದ್ದೇವೆ. ಇಳಿಯಲೇಬೇಕು. ಆದರೆ ಕೂಸು ನೋಡಿಕೊಳ್ಳೋದು ಹೆಂಗಸರ ವಿಷಯ ಅಂತ ನಮ್ಮ ಸಭೆಗಳೂ ಸುಮ್ಮನಿದ್ದವು. ಬಾಬಾಸಾಹೇಬರು ಸುಮ್ಮನಿರಲಿಲ್ಲ. 1928ರಲ್ಲೇ ಮುಂಬಯಿ ಶಾಸನ ಪರಿಷತ್ತಿನಲ್ಲಿ ಹೆರಿಗೆ ಭತ್ಯೆ ಮಸೂದೆಯ ಪರ ನಿಂತು, ದುಡಿಯುವ ತಾಯಿಗೆ ವಿಶ್ರಾಂತಿ ಸಿಗಬೇಕು, ಅದರ ಖರ್ಚನ್ನು ಮಾಲೀಕರೂ ಸರ್ಕಾರವೂ ಹೊರಬೇಕು ಅಂತ ವಾದಿಸಿದರು. ನಮ್ಮ ಸಂವಿಧಾನಕ್ಕೆ 2002ರಲ್ಲಿ ತಂದ ತಿದ್ದುಪಡಿ ಮಾತ್ರ 6ರಿಂದ 14 ವರ್ಷದವರಿಗೆ ಶಿಕ್ಷಣವನ್ನು ಮೂಲಭೂತ ಹಕ್ಕು ಮಾಡಿ, ಆರರ ಕೆಳಗಿನವರಿಗೆ 'ರಾಜ್ಯವು ಪ್ರಯತ್ನಿಸಬೇಕು' ಅಂತ ಬರೆದು ಕೈ ತೊಳೆದುಕೊಂಡಿತು. ಉಳ್ಳವರ ಮಗು ಮೂರನೇ ವರ್ಷಕ್ಕೇ ನರ್ಸರಿಗೆ ಹೋಗುತ್ತದೆ. ಆರನೇ ವರ್ಷಕ್ಕೆ ಎರಡು ಮಕ್ಕಳೂ ಒಂದೇ ಗೆರೆಯಲ್ಲಿ ನಿಂತಿವೆ ಅನ್ನೋದು ಯಾವ ನ್ಯಾಯ?

ಹಾಗಾದರೆ ಮಾಡೋದೇನು? 2006ರ ಡಿಸೆಂಬರ್ 13ರಂದು ಸುಪ್ರೀಂ ಕೋರ್ಟು ಒಂದು ಆದೇಶ ಕೊಟ್ಟಿದೆ. ಆರು ವರ್ಷದೊಳಗಿನ 40 ಮಕ್ಕಳಿದ್ದೂ ಅಂಗನವಾಡಿ ಇಲ್ಲದ ವಸತಿಯವರು ಕೇಳಿದರೆ ಮೂರು ತಿಂಗಳೊಳಗೆ ಕೊಡಬೇಕು. ಪರಿಶಿಷ್ಟರ ಕೇರಿ, ಹಾಡಿಗಳಿಗೆ ಆದ್ಯತೆ ಇರಬೇಕು. ಕೇಳಿದರೆ ಕೊಡಬೇಕು. ಅಂದರೆ ಮೊದಲು ಕೇಳಬೇಕು. ಲೈನಿನ ಅವ್ವ ಒಬ್ಬಳೇ ಕೇಳಿದರೆ ಮಾರನೇ ದಿನ ಕೆಲಸ ಇರುವುದಿಲ್ಲ. ಆದ್ದರಿಂದ ಕೇಳುವ ಕೆಲಸ ನಮ್ಮದು.

ಮುಂದಿನ ರಜೆಯಲ್ಲಿ ಊರಿಗೆ ಹೋದಾಗ ಒಂದು ನೋಟ್‌ಬುಕ್ ತೆಗೆದುಕೊಂಡು ಹೋಗಿ. ಅಕ್ಕಪಕ್ಕದ ನಾಲ್ಕು ಲೈನು, ಒಂದು ಹಾಡಿ, ಒಂದು ಪೈಸಾರಿ ಕಾಲನಿ ಸೇರಿಸಿ ಆರರ ಕೆಳಗಿನ ಮಕ್ಕಳನ್ನು ಎಣಿಸಿ. ಕೂಸನ್ನು ನೋಡಿಕೊಳ್ಳೋಕ್ಕೆ ಶಾಲೆ ಬಿಟ್ಟ ಅಕ್ಕಂದಿರನ್ನು ಬೇರೆ ಎಣಿಸಿ. ಮನವಿ ಬರೆದು ಮಕ್ಕಳ ಅಭಿವೃದ್ಧಿ ಯೋಜನಾಧಿಕಾರಿಗೆ ಕೊಟ್ಟು ಮೊಹರು ಹಾಕಿಸಿಕೊಳ್ಳಿ. ಇನ್ನೊಂದು ಪ್ರತಿ ಗ್ರಾಮ ಪಂಚಾಯಿತಿಗೆ. 2023ರಲ್ಲಿ 4,000 ಪಂಚಾಯಿತಿಗಳಿಗೆ ಸರ್ಕಾರ ಘೋಷಿಸಿದ 'ಕೂಸಿನ ಮನೆ' ನಮ್ಮ ಪಂಚಾಯಿತಿಯಲ್ಲಿ ಎಲ್ಲಿದೆ, ಎಷ್ಟು ಗಂಟೆಗೆ ತೆರೆಯುತ್ತದೆ ಅಂತ ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿ.

ನಮ್ಮ ಬೇಡಿಕೆ ಮೂರು. ಒಂದು, ತೋಟದ ಕೆಲಸದ ಹೊತ್ತಿಗೆ ಹೊಂದುವ ಹಾಗೆ ಅಂಗನವಾಡಿ ಮತ್ತು ಕೂಸಿನ ಮನೆ ತೆರೆಯಬೇಕು. ಎರಡು, ಯರವ ಕೂಸಿಗೆ ಯರವ ಮಾತಿನಲ್ಲೇ 'ಬಾ' ಅನ್ನುವ, ಹಾಡಿಯಲ್ಲೇ ಹುಟ್ಟಿ ಬೆಳೆದ ಹೆಣ್ಣುಮಗಳು ಅಲ್ಲಿ ಟೀಚರ್ ಆಗಬೇಕು. ಆಕೆಗೆ ಗೌರವಧನ ಸಾಲದು, ಸಂಬಳ ಬೇಕು. ಮೂರು, ಸಣ್ಣ ತೋಟದ ಮಾಲೀಕರು ಒಟ್ಟು ಸೇರಿ ಕೂಸಿನ ಮನೆಯ ಖರ್ಚಿನಲ್ಲಿ ಪಾಲು ಕೊಡಬೇಕು.

ಇದು ದಾನ ಅಲ್ಲ. ಆ ಕಾಫಿಯ ಬೆಲೆಯಲ್ಲಿ ನಮ್ಮ ಅವ್ವಂದಿರ ಪಾಲು ಇದೆ.

ಗೆಳೆಯರೇ, ನಿಮ್ಮನ್ನು ಹಾಸ್ಟೆಲಿನವರೆಗೆ ಕಳಿಸೋಕ್ಕೆ ಮನೆಯಲ್ಲಿ ಯಾರೋ ಒಬ್ಬಳು ಅಕ್ಕ ಉಳಿದುಕೊಂಡಿರಬಹುದು. ನೋಟ್‌ಬುಕ್ಕಿನ ಮೊದಲ ಸಾಲಿನಲ್ಲಿ ಅವಳ ಹೆಸರು ಬರೆಯಿರಿ. ಎಣಿಕೆ ಅಲ್ಲಿಂದ ಶುರುವಾಗಲಿ.

ಜೈ ಭೀಮ್.