ಓದುವ ಪುಸ್ತಕಗಳ ಆಯ್ಕೆ

ಬೆಂಗಳೂರಿನಿಂದ ಹಳೆಯ ಮದರಾಸು ರಸ್ತೆಯಲ್ಲಿ ಪೂರ್ವಕ್ಕೆ ಸಾಗಿದರೆ ಹೊಸಕೋಟೆ ಸಿಗುತ್ತದೆ. ಅದಕ್ಕೆ ಸಮೀಪದಲ್ಲಿಯೇ ಇದೆ ಪಿಲ್ಲಗುಂಪೆ. ರಾಗಿಯ ಹೊಲಗಳ ನಡುವೆ ಕಾರ್ಖಾನೆಗಳು ತಲೆಯೆತ್ತಿ ನಿಂತಿರುವ ಊರು ಅದು. ಅಲ್ಲಿನ ಕಾರ್ಖಾನೆಯೊಂದರಲ್ಲಿ ದುಡಿಯುವ ನನ್ನ ಪರಿಚಿತರೊಬ್ಬರು ಒಂದು ಸಂಜೆ ದೊಡ್ಡ ಚೀಲವೊಂದನ್ನು ಹೆಗಲ ಮೇಲೆ ಹೊತ್ತು ಮನೆಗೆ ಬಂದರು. ಚೀಲದಲ್ಲಿದ್ದುದು ರಾಗಿಯಲ್ಲ, ಹದಿಮೂರು ದಪ್ಪ ದಪ್ಪ ಪುಸ್ತಕಗಳು. ಪದವಿಪೂರ್ವ ತರಗತಿಯಲ್ಲಿ ಓದುತ್ತಿದ್ದ ಅವರ ಮಗಳಿಗೆ ವಕೀಲಳಾಗಬೇಕೆಂಬ ಹಂಬಲ. ಅದಕ್ಕಾಗಿ ತಂದೆ ಎರಡು ತಿಂಗಳು ಹೆಚ್ಚುವರಿ ಪಾಳಿ ದುಡಿದು, ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೆಯ ಪುಸ್ತಕದಂಗಡಿಗಳನ್ನು ಸುತ್ತಿ, ಪ್ರವೇಶ ಪರೀಕ್ಷೆಗೆ ಬೇಕಾದುದೆಲ್ಲವನ್ನೂ ಕೊಂಡು ತಂದಿದ್ದರು. ಮಗಳು ನಾಲ್ಕು ತಿಂಗಳು ಹಗಲಿರುಳೆನ್ನದೆ ಓದಿದಳು. ಐದನೆಯ ತಿಂಗಳಲ್ಲಿ ಹಿಂದಿನ ವರ್ಷದ ಪ್ರಶ್ನಪತ್ರಿಕೆಯೊಂದು ಅವಳ ಕೈಗೆ ಬಂತು. ತಾನು ಕಂಠಪಾಠ ಮಾಡಿದುದರಲ್ಲಿ ಹೆಚ್ಚಿನ ಪಾಲು ಅದರಲ್ಲಿ ಎಲ್ಲಿಯೂ ಇರಲಿಲ್ಲ!

ಇದರಲ್ಲಿ ಯಾರ ತಪ್ಪನ್ನು ಎಣಿಸೋಣ? ತಂದೆಯ ಪ್ರೀತಿಯಲ್ಲಿ ಕೊರತೆಯಿರಲಿಲ್ಲ; ಮಗಳ ಶ್ರಮದಲ್ಲಿಯೂ ಕೊರತೆಯಿರಲಿಲ್ಲ. ಕೊರತೆಯಿದ್ದುದು ಆಯ್ಕೆಯಲ್ಲಿ. ಬಿತ್ತನೆಗೆ ಮೊದಲು ರೈತನು ಬೀಜವನ್ನು ಅಂಗೈಯಲ್ಲಿಟ್ಟು ನೋಡುತ್ತಾನೆ. ಜೊಳ್ಳನ್ನು ತೂರಿ ಗಟ್ಟಿಯನ್ನು ಉಳಿಸಿಕೊಳ್ಳುತ್ತಾನೆ. ವಿದ್ಯಾರ್ಥಿಯೂ ತಾನು ಓದಲಿರುವ ಪುಸ್ತಕವನ್ನು ಹಾಗೆಯೇ ಪರೀಕ್ಷಿಸಬೇಕಲ್ಲವೆ? ಪುಸ್ತಕಗಳ ರಾಶಿಯನ್ನು ಕಂಡು ಧೈರ್ಯ ತಾಳುವುದಕ್ಕಿಂತ, ಅವುಗಳಲ್ಲಿ ಬೇಕಾದುದನ್ನು ಆರಿಸಿಕೊಳ್ಳುವ ವಿವೇಕವೇ ಮೊದಲ ವಿದ್ಯೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಆಯ್ಕೆ ಮಾಡಬೇಕಾದರೆ ಪರೀಕ್ಷೆಯ ಸ್ವರೂಪವನ್ನು ತಿಳಿದಿರಬೇಕು. ಬೆಂಗಳೂರಿನ ನಾಗರಭಾವಿಯಲ್ಲಿರುವ ರಾಷ್ಟ್ರೀಯ ಕಾನೂನು ಶಾಲೆಯು 1988ರಲ್ಲಿ ಐದು ವರ್ಷಗಳ ಕಾನೂನು ಪದವಿಯ ಬೋಧನೆಯನ್ನು ಆರಂಭಿಸಿತು. ಅದರ ಮಾದರಿಯಲ್ಲಿ ದೇಶದ ಬೇರೆ ಬೇರೆ ರಾಜ್ಯಗಳಲ್ಲಿ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳು ಹುಟ್ಟಿಕೊಂಡವು. ಮೊದಲು ಒಂದೊಂದು ವಿಶ್ವವಿದ್ಯಾಲಯವೂ ತನ್ನದೇ ಪರೀಕ್ಷೆಯನ್ನು ನಡೆಸುತ್ತಿತ್ತು. 2008ರಲ್ಲಿ ಏಳು ವಿಶ್ವವಿದ್ಯಾಲಯಗಳು ಸೇರಿ ‘ಕ್ಲಾಟ್’ ಎಂಬ ಸಾಮಾನ್ಯ ಪ್ರವೇಶ ಪರೀಕ್ಷೆಯನ್ನು ಆರಂಭಿಸಿದವು. ಆ ಕಾಲದಲ್ಲಿ 200 ಪ್ರಶ್ನೆಗಳಿರುತ್ತಿದ್ದವು. ಅವುಗಳಲ್ಲಿ ಅನೇಕವು ನೆನಪಿನ ಶಕ್ತಿಯನ್ನು ಅಳೆಯುವಂಥವು. 2020ರಿಂದ ಆ ಕ್ರಮ ಬದಲಾಯಿತು. ಈಗ ಒಂದು ಗದ್ಯಭಾಗವನ್ನು ಕೊಟ್ಟು, ಅದನ್ನು ಓದಿ ಗ್ರಹಿಸಿ ಉತ್ತರಿಸುವಂತೆ ಕೇಳುತ್ತಾರೆ. 2024ರ ಪರೀಕ್ಷೆಯಿಂದ ಪ್ರಶ್ನೆಗಳ ಸಂಖ್ಯೆ 120ಕ್ಕೆ ಇಳಿದಿದೆ. ಕಾಲಾವಕಾಶ 120 ನಿಮಿಷ. ತಪ್ಪು ಉತ್ತರವೊಂದಕ್ಕೆ ಕಾಲು ಅಂಕ ಕಳೆಯುತ್ತಾರೆ. ಇಂಗ್ಲಿಷ್ ಭಾಷೆ, ಪ್ರಚಲಿತ ವಿದ್ಯಮಾನ, ಕಾನೂನಿನ ವಿವೇಚನೆ, ತರ್ಕ, ಗಣಿತ ಎಂಬ ಐದು ವಿಭಾಗಗಳಲ್ಲಿ ಪ್ರಚಲಿತ ವಿದ್ಯಮಾನ ಮತ್ತು ಕಾನೂನಿನ ವಿವೇಚನೆ ಇವೆರಡೇ ಸುಮಾರು ಅರ್ಧ ಭಾಗವನ್ನು ಆಕ್ರಮಿಸುತ್ತವೆ.

ಹೀಗಿರುವಾಗ, 2020ಕ್ಕೆ ಮೊದಲು ಅಚ್ಚಾದ ಮಾರ್ಗದರ್ಶಿಯು ಎಷ್ಟು ದಪ್ಪವಾಗಿದ್ದರೇನು, ಎಷ್ಟು ಅಗ್ಗವಾಗಿ ದೊರೆತರೇನು? ಪಿಲ್ಲಗುಂಪೆಯ ಆ ಹುಡುಗಿಯ ಪುಸ್ತಕಗಳು ಬಹುಪಾಲು ಅಂಥವೇ ಆಗಿದ್ದವು. ಅವುಗಳಲ್ಲಿ ಭಾರತೀಯ ದಂಡ ಸಂಹಿತೆಯ ಕಲಮುಗಳ ಉದ್ದವಾದ ಪಟ್ಟಿಯಿತ್ತು. ಆ ಸಂಹಿತೆಯ ಸ್ಥಾನದಲ್ಲಿ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯು ಜಾರಿಗೆ ಬಂದಿದೆ ಎಂಬುದನ್ನು ಆ ಪುಸ್ತಕಗಳು ಹೇಗೆ ತಾನೆ ಹೇಳಬಲ್ಲವು?

ಹಳೆಯದಾಗಿರುವುದೊಂದೇ ದೋಷವಲ್ಲ, ಬಾಯಿಪಾಠವನ್ನೇ ಜ್ಞಾನವೆಂದು ನಂಬಿಸುವುದು ಅದಕ್ಕಿಂತ ದೊಡ್ಡ ದೋಷ. ಒಂದು ನಿದರ್ಶನವನ್ನು ನೋಡೋಣ. 1985ರ ಡಿಸೆಂಬರಿನಲ್ಲಿ ದೆಹಲಿಯ ಕಾರ್ಖಾನೆಯೊಂದರಿಂದ ಓಲಿಯಂ ಎಂಬ ಅನಿಲ ಸೋರಿತು. ಮರುವರ್ಷ ಸರ್ವೋಚ್ಚ ನ್ಯಾಯಾಲಯವು ಆ ಮೊಕದ್ದಮೆಯಲ್ಲಿ ಒಂದು ಮಹತ್ವದ ತತ್ತ್ವವನ್ನು ಸಾರಿತು: ಅಪಾಯಕರವಾದ ಉದ್ಯಮವನ್ನು ನಡೆಸುವವನು, ಎಷ್ಟೇ ಎಚ್ಚರಿಕೆ ವಹಿಸಿದ್ದರೂ, ಅದರಿಂದ ಜನರಿಗೆ ಒದಗುವ ಹಾನಿಗೆ ಪೂರ್ಣ ಹೊಣೆಗಾರನಾಗುತ್ತಾನೆ. ಇಂದಿನ ಪರೀಕ್ಷೆಯಲ್ಲಿ ಇಂಥ ತತ್ತ್ವವನ್ನು ಗದ್ಯಭಾಗದಲ್ಲಿಯೇ ಕೊಟ್ಟಿರುತ್ತಾರೆ. ಬಳಿಕ ಒಂದು ಸನ್ನಿವೇಶವನ್ನು ಕಲ್ಪಿಸಿ, ‘ಇಲ್ಲಿ ಹೊಣೆ ಯಾರದು?’ ಎಂದು ಕೇಳುತ್ತಾರೆ. ಮೊಕದ್ದಮೆಯ ಹೆಸರನ್ನೂ ವರ್ಷವನ್ನೂ ಮಾತ್ರ ಉರುಹೊಡೆದವನು ಅಲ್ಲಿ ತಡವರಿಸುತ್ತಾನೆ. ತತ್ತ್ವವನ್ನು ಗಮನವಿಟ್ಟು ಓದಿ, ಅದನ್ನು ಸನ್ನಿವೇಶಕ್ಕೆ ಅನ್ವಯಿಸಬಲ್ಲವನು ಉತ್ತರವನ್ನು ಕಂಡುಕೊಳ್ಳುತ್ತಾನೆ. ಕಾರ್ಖಾನೆಗಳ ನೆರಳಿನಲ್ಲಿ ಬೆಳೆದ ಪಿಲ್ಲಗುಂಪೆಯ ಮಕ್ಕಳಿಗೆ ಈ ತತ್ತ್ವದ ಅರ್ಥವನ್ನು ಬೇರೆಯಾಗಿ ವಿವರಿಸಬೇಕೆ? ಅದು ಅವರ ಮನೆಬಾಗಿಲಿನ ವಿಷಯ.

ಆದುದರಿಂದ ಪುಸ್ತಕವನ್ನು ಕೊಳ್ಳುವ ಮುನ್ನ ನಾಲ್ಕು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು. ಇದು ಯಾವ ವರ್ಷ ಅಚ್ಚಾದುದು? ಇದರಲ್ಲಿರುವ ಪ್ರಶ್ನೆಗಳು ಈಗಿನ ಪರೀಕ್ಷೆಯ ಮಾದರಿಗೆ ಹೊಂದುತ್ತವೆಯೆ? ಸರಿಯುತ್ತರ ಯಾವುದೆಂದು ಹೇಳುವುದರ ಜೊತೆಗೆ, ಅದೇಕೆ ಸರಿ, ಉಳಿದವು ಏಕೆ ತಪ್ಪು ಎಂಬುದನ್ನು ಇದು ವಿವರಿಸುತ್ತದೆಯೆ? ಕಡೆಯದಾಗಿ, ಇದನ್ನು ಪರೀಕ್ಷೆಯ ಒಳಗಾಗಿ ಎರಡು ಬಾರಿ ಓದಿ ಮುಗಿಸಲು ನನ್ನಿಂದ ಸಾಧ್ಯವೆ? ಈ ನಾಲ್ಕರಲ್ಲಿ ಒಂದಕ್ಕೆ ‘ಇಲ್ಲ’ ಎಂಬ ಉತ್ತರ ಬಂದರೂ ಆ ಪುಸ್ತಕವನ್ನು ಅಂಗಡಿಯಲ್ಲಿಯೇ ಬಿಟ್ಟು ಬರುವುದು ಲೇಸು.

ಬಹಳ ಬೆಲೆಯುಳ್ಳ ಸಾಮಗ್ರಿಗಳಲ್ಲಿ ಕೆಲವು ಬೆಲೆಯಿಲ್ಲದೆ ದೊರೆಯುತ್ತವೆ ಎಂಬುದನ್ನೂ ಮರೆಯಬಾರದು. ಪರೀಕ್ಷೆಯನ್ನು ನಡೆಸುವ ವಿಶ್ವವಿದ್ಯಾಲಯಗಳ ಒಕ್ಕೂಟವೇ ಮಾದರಿ ಪ್ರಶ್ನಪತ್ರಿಕೆಗಳನ್ನು ಪ್ರಕಟಿಸುತ್ತದೆ. ಓದಿನ ದಾರಿಯನ್ನು ತೋರಿಸಬೇಕಾದವು ಅವು. ಉಳಿದ ಪುಸ್ತಕಗಳು ಅವುಗಳ ಹಿಂದೆ ಬರಬೇಕು. ಗಣಿತ ವಿಭಾಗಕ್ಕೆ ಪ್ರೌಢಶಾಲೆಯ ಪಠ್ಯಪುಸ್ತಕಗಳಲ್ಲಿರುವ ಶೇಕಡಾವಾರು, ಅನುಪಾತ, ಸರಾಸರಿಗಳ ಲೆಕ್ಕಗಳೇ ತಳಹದಿ. ಪ್ರಚಲಿತ ವಿದ್ಯಮಾನಗಳಿಗೆ ದಿನಪತ್ರಿಕೆಗಿಂತ ಮಿಗಿಲಾದ ಗುರುವಿಲ್ಲ. ಒಂದೇ ಸುದ್ದಿಯನ್ನು ಮೊದಲು ಕನ್ನಡ ಪತ್ರಿಕೆಯಲ್ಲಿಯೂ ಅನಂತರ ಇಂಗ್ಲಿಷ್ ಪತ್ರಿಕೆಯಲ್ಲಿಯೂ ಓದುವ ಅಭ್ಯಾಸವನ್ನು ಇಟ್ಟುಕೊಂಡರೆ, ವಿಷಯವೂ ಭಾಷೆಯೂ ಒಟ್ಟಿಗೆ ಕೈಗೂಡುತ್ತವೆ. ನಮ್ಮ ಗ್ರಾಮ ಪಂಚಾಯಿತಿಗಳ ಗ್ರಂಥಾಲಯಗಳು ಈಗ ‘ಅರಿವು ಕೇಂದ್ರ’ಗಳೆಂಬ ಹೆಸರನ್ನು ಪಡೆದಿವೆ. ಪತ್ರಿಕೆಯನ್ನು ಕೊಳ್ಳಲಾರದವರು ಅಲ್ಲಿಗೆ ಹೋಗಿ ಓದಬಹುದು. ಭಾರತ ಸಂವಿಧಾನವೂ ಕನ್ನಡದಲ್ಲಿ ಲಭ್ಯವಿದೆ. ಅದರ ಪ್ರಸ್ತಾವನೆಯನ್ನೂ ಮೂಲಭೂತ ಹಕ್ಕುಗಳ ಭಾಗವನ್ನೂ ಅರ್ಥಮಾಡಿಕೊಂಡು ಓದಲು ಒಂಬತ್ತನೆಯ ತರಗತಿಯೇ ಸಕಾಲ.

‘ಹಣವುಳ್ಳವರ ಮಕ್ಕಳು ದುಬಾರಿ ತರಬೇತಿಯನ್ನು ಪಡೆಯುತ್ತಾರೆ, ನಾವು ಎಷ್ಟು ವಿವೇಕದಿಂದ ಆರಿಸಿದರೂ ಅವರಿಗೆ ಸಮನಾಗುವೆವೆ?’ ಎಂದು ಯಾರಾದರೂ ಕೇಳಬಹುದು. ಈ ಪ್ರಶ್ನೆಯಲ್ಲಿ ಸತ್ಯವಿದೆ. ಪರೀಕ್ಷೆ ಇಂಗ್ಲಿಷಿನಲ್ಲಿ ಮಾತ್ರ ನಡೆಯುತ್ತಿರುವುದರಿಂದ ಕನ್ನಡ ಮಾಧ್ಯಮದ ಮಕ್ಕಳ ಹಾದಿ ಇನ್ನೂ ಕಡಿದಾಗಿದೆ. ಪ್ರಾದೇಶಿಕ ಭಾಷೆಗಳಲ್ಲಿಯೂ ಪರೀಕ್ಷೆ ನಡೆಯಬೇಕೆಂಬ ಕೋರಿಕೆ 2023ರಲ್ಲಿ ದೆಹಲಿಯ ಉಚ್ಚ ನ್ಯಾಯಾಲಯದ ಮುಂದೆ ಬಂದಿತು. ಆ ಕೋರಿಕೆ ನ್ಯಾಯವಾದುದೆಂದೇ ನಾನು ತಿಳಿಯುತ್ತೇನೆ. ನ್ಯಾಯವನ್ನು ಕಲಿಸುವ ಶಾಲೆಯ ಬಾಗಿಲು ಹಳ್ಳಿಯ ಮಕ್ಕಳಿಗೆ ಕಿರಿದಾಗಿರಬಾರದು. ಈ ಕೊರತೆಯನ್ನು ಮನಗಂಡೇ ಕಾನೂನು ವಿದ್ವಾಂಸರಾದ ಶಮ್ನಾದ್ ಬಶೀರ್ ಅವರು 2010ರಲ್ಲಿ ‘ಐಡಿಯಾ’ ಎಂಬ ಸಂಸ್ಥೆಯನ್ನು ಕಟ್ಟಿ, ಬಡ ಮಕ್ಕಳನ್ನು ಈ ಪರೀಕ್ಷೆಗೆ ಸಿದ್ಧಗೊಳಿಸುವ ಕಾರ್ಯಕ್ಕೆ ತೊಡಗಿದರು. ಅವರು 2019ರಲ್ಲಿ ತೀರಿಕೊಂಡರು. ಆದರೆ ಬಾಗಿಲು ಅಗಲವಾಗುವವರೆಗೆ ನಾವು ಹೊಸ್ತಿಲಲ್ಲಿ ಕೈಕಟ್ಟಿ ಕುಳಿತಿರಬೇಕೆ? ಹಣ ಕಡಿಮೆಯಿದ್ದವನಿಗೆ ಆಯ್ಕೆಯ ಎಚ್ಚರ ಇನ್ನೂ ಹೆಚ್ಚಾಗಿ ಬೇಕು. ಏಕೆಂದರೆ ಅವನ ಒಂದೊಂದು ರೂಪಾಯಿಯ ಹಿಂದೆಯೂ ಯಾರದೋ ಬೆವರಿದೆ. ಅದಕ್ಕಿಂತ ಮಿಗಿಲಾಗಿ, ಕಳೆದುಹೋದ ತಿಂಗಳುಗಳನ್ನು ಯಾವ ಅಂಗಡಿಯಲ್ಲಿಯೂ ಮರಳಿ ಕೊಳ್ಳಲಾಗದು.

ಇನ್ನೊಂದು ಮಾತು. ಈ ಒಂದು ಪರೀಕ್ಷೆಯೇ ಕಾನೂನು ವಿದ್ಯೆಗೆ ಏಕಮಾತ್ರ ದ್ವಾರವಲ್ಲ. ಹುಬ್ಬಳ್ಳಿಯಲ್ಲಿರುವ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯಕ್ಕೆ ಸೇರಿದ ಅನೇಕ ಕಾಲೇಜುಗಳಲ್ಲಿ ಪದವಿಪೂರ್ವ ಪರೀಕ್ಷೆಯ ಅಂಕಗಳ ಆಧಾರದ ಮೇಲೆಯೇ ಪ್ರವೇಶ ದೊರೆಯುತ್ತದೆ. ಅರ್ಥಮಾಡಿಕೊಂಡು ಓದುವ ಅಭ್ಯಾಸ ಯಾವ ದ್ವಾರದಲ್ಲಿಯೂ ವ್ಯರ್ಥವಾಗದು.

ಪಿಲ್ಲಗುಂಪೆಯ ಆ ಹುಡುಗಿ ಎರಡು ದಿನ ಅತ್ತಳು. ಮೂರನೆಯ ದಿನ ಹದಿಮೂರು ಪುಸ್ತಕಗಳನ್ನೂ ನೆಲದ ಮೇಲೆ ಹರಡಿ ಒಂದೊಂದನ್ನೇ ಪರೀಕ್ಷಿಸಿದಳು. ಗಣಿತದ್ದೊಂದು, ಇಂಗ್ಲಿಷ್ ವ್ಯಾಕರಣದ್ದೊಂದು, ತರ್ಕದ್ದೊಂದು, ಹೀಗೆ ಮೂರನ್ನು ಉಳಿಸಿಕೊಂಡು ಹತ್ತನ್ನು ಬದಿಗಿಟ್ಟಳು. ಹಿಂದಿನ ಪ್ರಶ್ನಪತ್ರಿಕೆಗಳನ್ನು ಸಂಗ್ರಹಿಸಿದಳು; ಪ್ರತಿದಿನ ಪತ್ರಿಕೆಯನ್ನು ಓದತೊಡಗಿದಳು. ‘ನಿಮ್ಮ ಹಣ ಹಾಳಾಯಿತಲ್ಲ ಅಪ್ಪಾ’ ಎಂದು ಅವಳು ನೊಂದುಕೊಂಡಾಗ, ಆ ತಂದೆ ಹೇಳಿದ ಮಾತು ನನ್ನ ಮನಸ್ಸಿನಲ್ಲಿ ಉಳಿದಿದೆ: ‘ಹತ್ತು ಪುಸ್ತಕ ಬೇಡ ಅಂತ ಹೇಳೋಕೆ ಕಲಿತೆಯಲ್ಲ ಮಗಳೇ, ಹಣ ಅದಕ್ಕೇ ಹೋಯಿತು ಅಂದುಕೊಳ್ಳೋಣ.’

ನ್ಯಾಯಾಧೀಶನ ಮುಂದೆ ಕಾಗದದ ರಾಶಿಯೇ ಬಂದು ಬೀಳುತ್ತದೆ. ಅದರಲ್ಲಿ ಸಾಕ್ಷ್ಯ ಯಾವುದು, ಸದ್ದು ಯಾವುದು ಎಂದು ಬೇರ್ಪಡಿಸುವುದೇ ಅವನ ಕೆಲಸ. ನಾಳೆ ನ್ಯಾಯಪೀಠದ ಮುಂದೆ ನಿಂತು ವಾದಿಸಬೇಕೆನ್ನುವ ವಿದ್ಯಾರ್ಥಿಯು ಇಂದು ತನ್ನ ಪುಸ್ತಕದ ಕಪಾಟಿನ ಮುಂದೆ ನಿಂತು ಆ ವಿವೇಚನೆಯನ್ನು ಅಭ್ಯಾಸ ಮಾಡಲಿ.