ಅಜ್ಜಿಗೆ ಬೇಕಿರ್ಲಿಲ್ಲ, ನಮಗ್ಯಾಕೆ ಥರ್ಮಾಮೀಟರು?

ನಮ್ಮ ಆವತಿ ಕಡೆ ಬಾಡೂಟ ಅಂದ್ರೆ ಇಷ್ಟು ವರ್ಷ ಮುದ್ದೆ, ಬಾಡಿನ ಸಾರು, ತಲೆಕಾಲು. ಅಷ್ಟೇ. ಈಗ ನೋಡಿ, ದೇವನಹಳ್ಳಿ ದಾಟಿ ನಂದಿ ಕ್ರಾಸ್ ಕಡೆ ಹೋಗೋ ಹೈವೇಯ ಅಕ್ಕಪಕ್ಕ ಫಾರ್ಮ್ ಹೌಸುಗಳು ಎದ್ದಿವೆ, ವೀಕೆಂಡ್ ಆದ್ರೆ ಸಾಕು ಬಾರ್ಬೆಕ್ಯೂ ಹೊಗೆ. ಊರಿನ ಹುಡುಗರೇನು ಕಮ್ಮಿ ಇಲ್ಲ. ಇನ್ನೂರು ಲೀಟರಿನ ಡ್ರಮ್ಮನ್ನ ವೆಲ್ಡಿಂಗ್ ಅಂಗಡಿಯಲ್ಲಿ ಉದ್ದಕ್ಕೆ ಸೀಳಿಸಿ, ಜಾಲರಿ ಹಾಕಿಸಿ, ಮುಚ್ಚಳಕ್ಕೆ ಕೀಲು ಕೂರಿಸಿ, ಸೀಮೆಜಾಲಿ ಇದ್ದಿಲು ತುಂಬಿದ್ರೆ ಮುಗೀತು. ಹೊಸತೊಡಕಿಗೆ ಗುಡ್ಡೆ ಬಾಡು ಹಂಚ್ಕೊಂಡ ಮೇಲೆ ಒಂದು ತೊಡೆ ಸಾರಿಗೆ ಬೀಳದೆ ಸೀದಾ ಈ ಡ್ರಮ್ಮಿಗೆ ಹೋಗುತ್ತೆ. ಒಳ್ಳೇದೇ. ಹೊಗೆ ಹತ್ತಿದ ಮಾಂಸದ ರುಚಿ ಬಗ್ಗೆ ನನಗೆ ಯಾವ ತಕರಾರೂ ಇಲ್ಲ :)

ತಕರಾರಿರೋದು "ಬೆಂದಿದೆಯಾ?" ಅಂತ ಕೇಳಿದ್ರೆ ಬರೋ ಉತ್ತರದ ಬಗ್ಗೆ. "ಮೇಲೆ ಕಪ್ಪಗಾಗಿದೆಯಲ್ಲ ಮಗಾ, ಬೆಂದಿರುತ್ತೆ ತಿನ್ನು." ಸಾಫ್ಟ್‌ವೇರಿನವರಿಗೆ ಈ ಧಾಟಿ ಚೆನ್ನಾಗಿ ಗೊತ್ತು. ಟೆಸ್ಟ್ ಮಾಡದೇ ಇರೋದನ್ನ ಗ್ರಾಹಕನಿಗೆ ಕಳಿಸೋವಾಗ ನಾವೂ ಇದೇ ದನಿಯಲ್ಲಿ ಮಾತಾಡ್ತೀವಿ.

ಥರ್ಮಾಮೀಟರ್ ಇಟ್ಕೊಳ್ರೋ ಅಂದ್ರೆ ಹಿರಿಯರಿಂದ ಬರೋ ಮಾತು ಒಂದೇ: "ನಿಮ್ಮಜ್ಜಿ ಥರ್ಮಾಮೀಟರ್ ಇಟ್ಕೊಂಡಾ ಅಡುಗೆ ಮಾಡಿದ್ದು?" ಎಲ್ಲರೂ ನಕ್ಕುಬಿಡ್ತಾರೆ. ಆದ್ರೆ ಇದು ನಗೋ ಪ್ರಶ್ನೆ ಅಲ್ಲ, ಸರಿಯಾದ ಪ್ರಶ್ನೆ. ಉತ್ತರ ಏನಪ್ಪಾ ಅಂದ್ರೆ, ಅಜ್ಜಿ ಹತ್ರ ಥರ್ಮಾಮೀಟರ್ ಇತ್ತು. ಅದರ ಹೆಸರು ನೀರು.

ಸಾರು ತಳಮಳ ಕುದೀತಿದೆ ಅಂದ್ರೆ ನಮ್ಮ ಎತ್ತರದಲ್ಲಿ ಅದು ಸುಮಾರು 97 ಡಿಗ್ರಿ. ಅದಕ್ಕಿಂತ ಕಮ್ಮಿ ಇದ್ರೆ ಕುದಿಯಲ್ಲ, ಎಷ್ಟೇ ಸೌದೆ ತುರುಕಿದ್ರೂ ಅದಕ್ಕಿಂತ ಮೇಲೆ ಹೋಗಲ್ಲ. ಅದರೊಳಗೆ ಚಿಕ್ಕ ಚಿಕ್ಕ ತುಂಡುಗಳು ಮುಕ್ಕಾಲು ಗಂಟೆ, ಒಂದು ಗಂಟೆ ಮುಳುಗಿರುತ್ತವೆ. ತುಂಡಿನ ನಡುಭಾಗ ಹಸಿಯಾಗಿ ಉಳಿಯೋ ಸಾಧ್ಯತೆಯೇ ಇಲ್ಲ. ಕೊಡಗಿನ ಕಡೆ ಒಲೆ ಮೇಲೆ ಹೊಗೆಯಲ್ಲಿ ಒಣಗಿಸೋ ಹಂದಿ ಮಾಂಸ ಕೂಡ ಹಾಗೇ. ಅದನ್ನ ಆಮೇಲೆ ಬೇಯಿಸಿಯೇ ತಿನ್ನೋದು. ಅಂದ್ರೆ ನಮ್ಮ ಹಳೇ ಅಡುಗೆಯಲ್ಲಿ ಲೆಕ್ಕ ಪಾತ್ರೆಯೊಳಗೇ ಕೂತಿತ್ತು. ಡ್ರಮ್ಮಿನ ಮೇಲೆ ಇಡೀ ಕೋಳಿ ಮಲಗಿಸಿದಾಗ ಆ ನೀರನ್ನ ನಾವು ತೆಗೆದುಹಾಕಿದೀವಿ. ಅದರ ಜಾಗಕ್ಕೆ ಏನಾದ್ರೂ ಬರಬೇಕಲ್ವಾ?

ಕಣ್ಣು ಬರಲ್ಲ. ಹೊಗೆ ಹಿಡಿದ ಮಾಂಸ ಪೂರ್ತಿ ಬೆಂದ ಮೇಲೂ ಅಂಚಲ್ಲಿ ಗುಲಾಬಿ ಬಣ್ಣ ಇರುತ್ತೆ, ಹೊಗೆಯಲ್ಲಿರೋ ಅನಿಲಗಳು ಮಾಂಸದ ಮಯೋಗ್ಲೋಬಿನ್ ಜೊತೆ ಸೇರಿ ಹಾಗಾಗುತ್ತೆ. ಎಳೇ ಕೋಳಿಯ ಮೂಳೆ ಹತ್ರ ಬೆಂದ ಮೇಲೂ ಕೆಂಪಿರಬಹುದು. ಇತ್ತ ಚರ್ಮ ಸುಟ್ಟು ಕರಿಕಲಾಗಿದ್ರೂ ತೊಡೆಯ ಒಳಗೆ 55 ಡಿಗ್ರಿಯೇ ಇರಬಹುದು. ಬಣ್ಣ ಎರಡೂ ಕಡೆಗೆ ಸುಳ್ಳು ಹೇಳುತ್ತೆ.

2012ರಲ್ಲಿ ಹೆಸರಘಟ್ಟದಲ್ಲಿ ಹಕ್ಕಿಜ್ವರ ಬಂದಿತ್ತು. 2025ರ ಆರಂಭದಲ್ಲಿ ನಮ್ಮ ಪಕ್ಕದ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲೂ ಕಾಣಿಸಿಕೊಳ್ತು. ಇಂಥ ಹೊತ್ತಲ್ಲಿ ಎಲ್ಲರೂ ಹೇಳೋದು "ಚೆನ್ನಾಗಿ ಬೇಯಿಸಿ ತಿನ್ನಿ" ಅಂತ. ಚೆನ್ನಾಗಿ ಅಂದ್ರೆ ಎಷ್ಟು ಸ್ವಾಮಿ? ಸಂಖ್ಯೆ ಇದೆ. ವಿಶ್ವ ಆರೋಗ್ಯ ಸಂಸ್ಥೆ ಹೇಳೋದು ಎಲ್ಲಾ ಭಾಗವೂ 70 ಡಿಗ್ರಿ ಮುಟ್ಟಬೇಕು ಅಂತ. ನಮ್ಮ ಎಫ್‌ಎಸ್‌ಎಸ್‌ಎಐ ಹೋಟೆಲ್ ಅಡುಗೆಮನೆಗಳಿಗೆ ಕೊಟ್ಟಿರೋ ಲೆಕ್ಕ: ಮಾಂಸದ ನಡುಭಾಗ 70 ಡಿಗ್ರಿಯಲ್ಲಿ 2 ನಿಮಿಷ, ಇಲ್ಲಾ 75ರಲ್ಲಿ 15 ಸೆಕೆಂಡ್. ಅಮೆರಿಕದ ಕೃಷಿ ಇಲಾಖೆ ಕೋಳಿಗೆ 74 ಅನ್ನುತ್ತೆ, ಕುರಿ-ಹಂದಿಯ ಇಡೀ ತುಂಡಿಗೆ 63 ಮುಟ್ಟಿಸಿ 3 ನಿಮಿಷ ಬಿಡಿ ಅನ್ನುತ್ತೆ, ಕುರಿ ಕೈಮಕ್ಕೆ 71. ಕೈಮಕ್ಕೆ ಜಾಸ್ತಿ ಯಾಕೆ ಅಂದ್ರೆ ಮೇಲ್ಮೈಯಲ್ಲಿದ್ದ ಕ್ರಿಮಿ ರುಬ್ಬುವಾಗ ಒಳಗೂ ಸೇರಿರುತ್ತೆ. ಸಂಖ್ಯೆ ಗೊತ್ತಿದ್ದವನು ಹೆದರಿ ಕೋಳಿ ಬಿಡಬೇಕಾಗಿಲ್ಲ, ಹುಂಬತನದಲ್ಲಿ ಅರೆಬೆಂದಿದ್ದನ್ನ ತಿನ್ನಬೇಕಾಗಿಯೂ ಇಲ್ಲ. ನಮಗೆ ಒಂದು ದಿನ ಹೊಟ್ಟೆ ಕೆಟ್ರೆ ಸುಧಾರಿಸ್ಕೋತೀವಿ ಬಿಡಿ. ಅದೇ ಪಂಕ್ತಿಯಲ್ಲಿ ಎಂಬತ್ತರ ತಾತ, ಬಸುರಿ ಅಕ್ಕ, ಮೂರು ವರ್ಷದ ಮಗು ಕೂತಿರ್ತಾರೆ. ಸಾಲ್ಮೊನೆಲ್ಲಾ ಅವರನ್ನ ಅಷ್ಟು ಸುಲಭಕ್ಕೆ ಬಿಡಲ್ಲ.

ಸರಿ, ಯಾವುದು ತಗೊಳ್ಳೋದು? ಇಲ್ಲಿ ನನ್ನ ಅಭಿಪ್ರಾಯ ಸ್ವಲ್ಪ ಕಟು.

ಮೊದಲು, ಯಾವುದು ಬೇಡ. ಜ್ವರ ನೋಡೋದು ಬೇಡ, ಅದು 42-43 ಡಿಗ್ರಿಗೇ ಮುಗಿಯುತ್ತೆ (ಕೇಳಿದವರಿದ್ದಾರೆ, ನಗಬೇಡಿ). 2020ರಲ್ಲಿ ಅಪಾರ್ಟ್‌ಮೆಂಟ್ ಗೇಟಲ್ಲಿ ಹಣೆಗೆ ಹಿಡೀತಿದ್ದ ಗನ್ನೂ ಬೇಡ. ಜಾಸ್ತಿ ಬಿಸಿ ಅಳೆಯೋ ಇನ್‌ಫ್ರಾರೆಡ್ ಗನ್ ಆದ್ರೂ ಅದು ನೋಡೋದು ಮೇಲ್ಮೈಯನ್ನ ಮಾತ್ರ, ನಮಗೆ ಬೇಕಿರೋದು ಒಳಗಿನದು. ಡ್ರಮ್ಮಿನ ಮುಚ್ಚಳದಲ್ಲಿ ಕೂರಿಸಿರೋ ಗಡಿಯಾರದಂಥ ಡಯಲ್ ಮುಚ್ಚಳದ ಹತ್ರದ ಗಾಳಿಯ ಬಿಸಿ ಹೇಳುತ್ತೆ, ಮಾಂಸದ್ದಲ್ಲ. ಚುಚ್ಚೋ ಡಯಲ್‌ಗಳಲ್ಲಿ ಎರಡು ಲೋಹದ ಸುರುಳಿ ಇರುತ್ತೆ, ಕಡ್ಡಿಯ ತುದಿಯಿಂದ ಐದಾರು ಸೆಂಟಿಮೀಟರ್ ಉದ್ದದ ಸರಾಸರಿಯನ್ನ ಅದು ತೋರಿಸೋದು. ದಪ್ಪ ತೊಡೆಗೆ ನಡೆಯುತ್ತೆ, ಕೋಳಿಯ ಎದೆಗೆ ಏನೂ ಪ್ರಯೋಜನ ಇಲ್ಲ.

ಉಳಿದಿದ್ದು ಡಿಜಿಟಲ್. ಇದರಲ್ಲಿ ಎರಡು ಜಾತಿ. ಥರ್ಮಿಸ್ಟರ್ ಇರೋದು ಅಗ್ಗ, ಸಂಖ್ಯೆ ನಿಲ್ಲೋಕೆ ಹತ್ತು ಸೆಕೆಂಡ್ ಆಸುಪಾಸು ಬೇಕು. ಥರ್ಮೋಕಪಲ್ ಇರೋದು ದುಬಾರಿ, ಎರಡು ಮೂರು ಸೆಕೆಂಡಿಗೆ ಹೇಳಿಬಿಡುತ್ತೆ. ಕೈ ಕೆಂಡದ ಮೇಲಿರುವಾಗ ಹತ್ತು ಸೆಕೆಂಡ್ ಎಷ್ಟು ಉದ್ದ ಅಂತ ಸುಟ್ಟುಕೊಂಡವರಿಗೇ ಗೊತ್ತು. ಆದ್ರೂ ನಾನು ಹೇಳೋದು, ದುಡ್ಡು ಕಮ್ಮಿ ಇದ್ರೆ ಒಂದೆರಡು ಕೆಜಿ ಮಟನ್ ಬೆಲೆಯಲ್ಲಿ ಒಳ್ಳೇ ಥರ್ಮಿಸ್ಟರ್ ತಗೊಳ್ಳಿ, ಸಾಕು. ತುದಿ ಸಪೂರ ಇರಲಿ. ನೀರು ತಡೆಯೋ ಐಪಿ67 ಗುರುತಿರಲಿ, ಯಾಕಂದ್ರೆ ಇಂಥವು ಬಹಳಷ್ಟು ಸಲ ಸಾಯೋದು ಸಿಂಕಿನಲ್ಲೇ.

ಫೋನಿಗೆ ಸಂದೇಶ ಕಳಿಸೋ ವೈರ್‌ಲೆಸ್ ಕಡ್ಡಿ? ನಾನೇ ಆಪ್ ಬರೆದು ಹೊಟ್ಟೆ ಹೊರೆಯೋನು, ಆದ್ರೂ ಮೊದಲನೇದಾಗಿ ಅದನ್ನ ತಗೋಬೇಡಿ ಅಂತಲೇ ಹೇಳ್ತೀನಿ. ಕಬ್ಬಿಣದ ಮುಚ್ಚಳ ಬ್ಲೂಟೂತನ್ನ ನುಂಗುತ್ತೆ. ಕಂಪನಿ ಆಪ್ ನಿಲ್ಲಿಸಿದ ದಿನ ನಿಮ್ಮ ಕೈಯಲ್ಲಿ ಉಳಿಯೋದು ಬರೀ ಕಡ್ಡಿ. ಎಂಟು ಗಂಟೆ ಹೊಗೆ ಹಾಕೋರಿಗೆ ಮಾಂಸದಲ್ಲೇ ಬಿಟ್ಟಿರೋ ಕಡ್ಡಿ ಉಪಯೋಗವೇ, ಇಲ್ಲ ಅನ್ನಲ್ಲ. 65-75 ಡಿಗ್ರಿ ನಡುವೆ ಮಾಂಸ ಬೆವರಿ ಬೆವರಿ ಗಂಟೆಗಟ್ಟಲೆ ಬಿಸಿ ಏರದೇ ನಿಂತುಬಿಡುತ್ತೆ. ಅದನ್ನ ನೋಡ್ತಾ ಕೂತ್ರೆ "ಕೆಟ್ಟೋಯ್ತಾ?" ಅಂತ ಗಾಬರಿ ಆಗೋಲ್ಲ. ಆದ್ರೆ ಅದು ಎರಡನೇ ಥರ್ಮಾಮೀಟರ್.

ಇನ್ನು ನಂಬಿಕೆಯ ಮಾತು. ಪರದೆ ಮೇಲೆ 73.8 ಅಂತ ದಶಾಂಶ ತೋರಿಸಿದ ಮಾತ್ರಕ್ಕೆ ಅದು ನಿಖರ ಅಲ್ಲ, ಸುಳ್ಳನ್ನೂ ದಶಾಂಶದಲ್ಲಿ ಹೇಳಬಹುದು. ಅಂಗಡಿ ಪುಟದ ನಕ್ಷತ್ರ ಎಣಿಸೋದೂ ಬಿಡಿ. ನಾವೇ ಪರೀಕ್ಷೆ ಮಾಡಿ ನೋಡಬಹುದಾದದ್ದು ಮಾತ್ರ ನಂಬಿಕಸ್ಥ, ಇದು ನನ್ನ ಖಚಿತ ಅಭಿಪ್ರಾಯ. ಪರೀಕ್ಷೆಗೆ ಖರ್ಚೇನೂ ಇಲ್ಲ. ಲೋಟದ ತುಂಬ ಐಸ್ ಪುಡಿ ಮಾಡಿ ಹಾಕಿ, ಸಂದು ತುಂಬುವಷ್ಟು ಮಾತ್ರ ನೀರು ಬಿಟ್ಟು, ಕಲಕಿ, ಎರಡು ಮೂರು ನಿಮಿಷ ಬಿಡಿ. ಕಡ್ಡಿಯ ತುದಿ ಲೋಟಕ್ಕೆ ತಾಗದ ಹಾಗೆ ನಡುವೆ ಹಿಡಿದ್ರೆ 0 ಬರಬೇಕು. ಒಂದು ಡಿಗ್ರಿ ಆಚೀಚೆ ಆದ್ರೆ ಪರವಾಗಿಲ್ಲ. ಮೂರು ನಾಲ್ಕು ಆದ್ರೆ ವಾಪಸ್ ಕಳಿಸಿ.

ಎರಡನೇದು ಕುದಿಯೋ ನೀರು. ಇಲ್ಲೇ ನಮ್ಮೂರಿನವರು ಎಡವೋದು. ಡಬ್ಬದ ಮೇಲಿನ ಚೀಟಿ 100 ಬರಬೇಕು ಅನ್ನುತ್ತೆ. ಮಂಗಳೂರಿನ ಕಡಲತಡಿಯಲ್ಲಾದ್ರೆ ಸರಿ. ನಮ್ಮ ದೇವನಹಳ್ಳಿ ವಿಮಾನ ನಿಲ್ದಾಣ ಇರೋದು ಸಮುದ್ರಮಟ್ಟದಿಂದ ಸುಮಾರು 915 ಮೀಟರ್ ಎತ್ತರದಲ್ಲಿ, ಆವತಿಯೂ ಹೆಚ್ಚೂಕಮ್ಮಿ ಅಷ್ಟೇ. 300 ಮೀಟರಿಗೆ ಒಂದು ಡಿಗ್ರಿ ಅಂತ ಕಳೀರಿ, 97 ಬಂತು. ಮಡಿಕೇರಿಯಲ್ಲಿ ಇನ್ನೊಂದು ಕಮ್ಮಿ. ನಮ್ಮಲ್ಲಿ ಕುದಿಯೋ ನೀರಿಗೆ 100 ತೋರಿಸೋ ಥರ್ಮಾಮೀಟರೇ ಮೂರು ಡಿಗ್ರಿ ಸುಳ್ಳು ಹೇಳ್ತಿರೋದು, ಅದೂ ಅಪಾಯದ ಕಡೆಗೆ! 74 ಅಂತ ತೋರಿಸುವಾಗ ಒಳಗೆ 71 ಇರುತ್ತೆ.

ಕೊನೇದಾಗಿ ಚುಚ್ಚೋ ಜಾಗ. ಅತೀ ದಪ್ಪ ಇರೋ ಕಡೆ, ಮೂಳೆಗೆ ತಾಗದಂತೆ. ಕೋಳಿ ಆದ್ರೆ ತೊಡೆಯ ಒಳಭಾಗ, ಆಮೇಲೆ ಎದೆ, ಎರಡೂ ಕಡೆ. ಬರೋ ಸಂಖ್ಯೆಗಳಲ್ಲಿ ಅತೀ ಕಮ್ಮಿ ಯಾವುದೋ ಅದೇ ಸತ್ಯ. ಒಮ್ಮೆ ಹಸಿ ಕಡೆ ಚುಚ್ಚಿದ ತುದಿಯನ್ನ ತೊಳೆದೇ ಮತ್ತೆ ಚುಚ್ಚಿ.

ಇದೆಲ್ಲಾ ಕೈರುಚಿಗೆ ಅವಮಾನ ಅನ್ನೋರಿಗೆ ಒಂದು ಮಾತು. ಮಸಾಲೆ, ಕೆಂಡದ ಹದ, ಯಾವ ಸೌದೆ ಅನ್ನೋದೆಲ್ಲ ಕೈಗೇ ಬಿಡಿ, ಅಲ್ಲಿ ಯಂತ್ರಕ್ಕೆ ಕೆಲಸ ಇಲ್ಲ. ಒಣಗಿಹೋಗುತ್ತೆ ಅನ್ನೋ ಭಯವೂ ಬೇಡ. ಅಳೆಯದೇ ಇರೋರೇ ಹೆದರಿ ಕೋಳಿಯನ್ನ 90 ಡಿಗ್ರಿ ತನಕ ಬಿಟ್ಟು ಸೌದೆ ಮಾಡೋದು. ಅಳೆಯೋನು 74ಕ್ಕೇ ಇಳಿಸ್ತಾನೆ, ರಸ ಉಳಿಯುತ್ತೆ.

ಮುಂದಿನ ಯುಗಾದಿ ಮಾರನೇ ದಿನ ನಿಮ್ಮೂರಲ್ಲೂ ಒಂದು ಡ್ರಮ್ಮು ಹೊಗೆಯಾಡಬಹುದು. ಅಷ್ಟರಲ್ಲಿ ಒಂದು ಲೋಟ ಐಸು, ಒಂದು ಪಾತ್ರೆ ಕುದಿಯೋ ನೀರು ಇಟ್ಕೊಂಡು ನಿಮ್ಮದನ್ನ ಪರೀಕ್ಷೆ ಮಾಡಿ. ನಿಮ್ಮೂರಲ್ಲಿ ನೀರು ಎಷ್ಟು ಡಿಗ್ರಿಗೆ ಕುದೀತು ಅಂತ ಹೇಳ್ತೀರಲ್ಲಾ?