ಟ್ರಯಲ್ ಯಾಕೆ ಎಂದು ಕೇಳುವವರಿಗೆ

ಕ್ಯಾನ್ಸರ್ ಪತ್ತೆಗೂ ಆಪರೇಷನ್‌ಗೂ ಬರುತ್ತಿರುವ ಹೊಸ ಕ್ಯಾಮೆರಾ, ಸ್ಕ್ಯಾನರ್‌ಗಳನ್ನು ಕ್ಲಿನಿಕಲ್ ಟ್ರಯಲ್ ಎಂದು ವರ್ಷಗಟ್ಟಲೆ ಕಾಯಿಸಬೇಡಿ, ನೇರ ಆಸ್ಪತ್ರೆಗೆ ಬಿಡಿ ಎಂಬ ವಾದ ಜೋರಾಗಿದೆ. ವಾದಿಸುವವರು ದಡ್ಡರಲ್ಲ. ಅವರ ಒಂದೊಂದು ಮಾತನ್ನೂ ಬಲ ಕುಗ್ಗಿಸದೆ ಮುಂದಿಡುತ್ತೇನೆ. ತೀರ್ಪು ಓದುಗರದು.

‘ಹೆಚ್ಚು ಕಂಡಷ್ಟೂ ಹೆಚ್ಚು ಜೀವ ಉಳಿಯುತ್ತದೆ’ ಎಂಬುದು ಮೊದಲ ಮಾತು. ದಕ್ಷಿಣ ಕೊರಿಯಾ ಇದನ್ನು ಮಾಡಿಯೇ ನೋಡಿದೆ. 1999ರಲ್ಲಿ ಸರ್ಕಾರಿ ಕ್ಯಾನ್ಸರ್ ತಪಾಸಣೆ ಶುರುವಾದಾಗ, ಒಂದಿಷ್ಟು ಹೆಚ್ಚಿನ ಹಣಕ್ಕೆ ಥೈರಾಯ್ಡ್ ಅಲ್ಟ್ರಾಸೌಂಡ್ ಕೂಡ ಮಾಡಿಕೊಡುವ ರೂಢಿ ಬೆಳೆಯಿತು. 2011ರ ಹೊತ್ತಿಗೆ ಥೈರಾಯ್ಡ್ ಕ್ಯಾನ್ಸರ್ ಪತ್ತೆಯ ಪ್ರಮಾಣ 1993ರದ್ದಕ್ಕಿಂತ 15 ಪಟ್ಟಾಗಿತ್ತು. ಸಾವಿನ ಪ್ರಮಾಣ ಇದ್ದಲ್ಲೇ ಇತ್ತು. ಯಂತ್ರ ಸುಳ್ಳು ಹೇಳಲಿಲ್ಲ. ಬದುಕಿಡೀ ತೊಂದರೆ ಕೊಡದೆ ಇರಬಹುದಾಗಿದ್ದ ಗಂಟುಗಳನ್ನೂ ನಿಷ್ಠೆಯಿಂದ ತೋರಿಸಿತು. ಅದಕ್ಕಾಗಿ ಗ್ರಂಥಿ ತೆಗೆಸಿಕೊಂಡವರು ಇವತ್ತಿಗೂ ದಿನಾ ಮಾತ್ರೆ ನುಂಗುತ್ತಿದ್ದಾರೆ.

‘ನಮ್ಮ ನಿಖರತೆ ಶೇ 90’. ಇರಲಿ, ಒಪ್ಪಿಕೊಂಡೇ ಲೆಕ್ಕ ಹಾಕೋಣ. ಸಾವಿರ ಮಹಿಳೆಯರಲ್ಲಿ ಐವರಿಗೆ ಕ್ಯಾನ್ಸರ್ ಇದೆ ಎಂದಿಟ್ಟುಕೊಳ್ಳಿ. ಯಂತ್ರ ಅವರಲ್ಲಿ ನಾಲ್ಕೈದು ಮಂದಿಯನ್ನು ಹಿಡಿಯುತ್ತದೆ, ಜೊತೆಗೆ ಏನೂ ಇಲ್ಲದ ಸುಮಾರು ನೂರು ಮಂದಿಗೆ ‘ಅನುಮಾನ’ ಎಂದು ಬರೆದುಕೊಡುತ್ತದೆ. ಆ ನೂರು ಮಂದಿಯ ಬಯಾಪ್ಸಿ ಖರ್ಚು, ನಿದ್ದೆಗೆಟ್ಟ ರಾತ್ರಿಗಳು ಜಾಹೀರಾತಿನಲ್ಲಿ ಇರುವುದಿಲ್ಲ.

‘ಟ್ರಯಲ್ ಮುಗಿಯುವುದರೊಳಗೆ ಯಂತ್ರವೇ ಹಳತಾಗುತ್ತದೆ’. ಇದು ಅವರ ಅಚ್ಚುಮೆಚ್ಚಿನ ಮಾತು. ಮೊದಲು ಅವಸರದ ಬೆಲೆ ಎಷ್ಟೆಂದು ನೋಡಿ. ಸ್ತನದ ಎಕ್ಸ್-ರೇ ಚಿತ್ರವಾದ ಮ್ಯಾಮೊಗ್ರಾಂನಲ್ಲಿ ಅನುಮಾನದ ಜಾಗಕ್ಕೆ ಗುರುತು ಹಾಕಿಕೊಡುವ ಕಂಪ್ಯೂಟರ್ ವ್ಯವಸ್ಥೆಗೆ ಅಮೆರಿಕ 1998ರಲ್ಲೇ ಒಪ್ಪಿಗೆ ಕೊಟ್ಟಿತು. 2007ರಲ್ಲಿ 2,22,135 ಮಹಿಳೆಯರ ದಾಖಲೆ ಬಿಚ್ಚಿ ನೋಡಿದಾಗ, ಅದನ್ನು ಅಳವಡಿಸಿಕೊಂಡ ಕೇಂದ್ರಗಳಲ್ಲಿ ಬಯಾಪ್ಸಿ ಸುಮಾರು ಶೇ 20ರಷ್ಟು ಏರಿತ್ತು, ಒಟ್ಟು ನಿಖರತೆ ಇಳಿದಿತ್ತು, ಕ್ಯಾನ್ಸರ್ ಪತ್ತೆ ಮಾತ್ರ ಗಮನಾರ್ಹವಾಗಿ ಹೆಚ್ಚಿರಲಿಲ್ಲ. ಇನ್ನು ನಿಧಾನದ ವಿಚಾರ. ಸ್ವೀಡನ್ನಿನವರು 2021ರ ಏಪ್ರಿಲ್‌ನಿಂದ 2022ರ ಜುಲೈ ಒಳಗೆ 80,000ಕ್ಕೂ ಹೆಚ್ಚು ಮಹಿಳೆಯರನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ, ಇಬ್ಬರು ವೈದ್ಯರು ಮ್ಯಾಮೊಗ್ರಾಂ ಓದುವ ಪದ್ಧತಿಯ ಎದುರು ಎಐ ನೆರವಿನ ಓದನ್ನು ನಿಲ್ಲಿಸಿದರು. ಓದುವ ಕೆಲಸ ಶೇ 44ರಷ್ಟು ಕಡಿಮೆಯಾಯಿತು, ಪತ್ತೆ ಕುಗ್ಗಲಿಲ್ಲ. ಗೆದ್ದದ್ದು ಯಂತ್ರವೇ. ಆದರೆ ಗೆದ್ದಿದೆ ಎಂದು ನಮಗೆ ಗೊತ್ತಾದದ್ದು ಟ್ರಯಲ್‌ನಿಂದ.

‘ಅಮೆರಿಕದ ಎಫ್‌ಡಿಎ ಒಪ್ಪಿದೆಯಲ್ಲ, ಇನ್ನೇನು ಬೇಕು?’ ಯಾವ ಬಾಗಿಲಿನಿಂದ ಒಪ್ಪಿಗೆ ಬಂತು ಎಂದು ಕೇಳಿ ನೋಡಿ, ಮಾತು ಬೇರೆ ಕಡೆ ಹೊರಳುತ್ತದೆ. ಔಷಧ, ಸಾಧನಗಳನ್ನು ನಿಯಂತ್ರಿಸುವ ಆ ಸಂಸ್ಥೆಯಲ್ಲಿ 510(ಕೆ) ಎಂಬ ದಾರಿಯಿದೆ. ಈಗಾಗಲೇ ಮಾರುಕಟ್ಟೆಯಲ್ಲಿರುವ ಸಾಧನಕ್ಕೆ ನಮ್ಮದೂ ಬಹುಮಟ್ಟಿಗೆ ಸಮ ಎಂದು ತೋರಿಸಿದರಾಯಿತು, ಹೆಚ್ಚಿನವಕ್ಕೆ ರೋಗಿಗಳ ಮೇಲಿನ ಟ್ರಯಲ್ ಬೇಕಾಗುವುದೇ ಇಲ್ಲ. ಹಾಗಾಗಿ ಹೂಡಿಕೆದಾರರ ಮುಂದೆ ‘ಜಗತ್ತಿನಲ್ಲೇ ಮೊದಲು’ ಎಂದ ಬಾಯಿ, ನಿಯಂತ್ರಕರ ಮುಂದೆ ‘ಹಳೆಯದರ ಹಾಗೇ ಇದೆ ಸ್ವಾಮಿ’ ಎನ್ನುತ್ತದೆ. ಎರಡರಲ್ಲಿ ಒಂದನ್ನು ಆರಿಸಿಕೊಳ್ಳಲಿ. ಎದೆಯ ಚರ್ಮದ ಶಾಖ ಅಳೆಯುವ ಥರ್ಮೋಗ್ರಫಿಯನ್ನೇ ತೆಗೆದುಕೊಳ್ಳಿ. ಎಫ್‌ಡಿಎ ಒಪ್ಪಿಗೆ ಇರುವುದು ಮ್ಯಾಮೊಗ್ರಾಂ ಜೊತೆಯಲ್ಲಿ ಬಳಸುವುದಕ್ಕಷ್ಟೇ. ಅದರ ಬದಲಿಗೆ ಇದನ್ನು ನೆಚ್ಚಬೇಡಿ ಎಂದು ಅದೇ ಎಫ್‌ಡಿಎ 2019ರಲ್ಲಿ ಜನರಿಗೆ ಎಚ್ಚರಿಕೆ ಕೊಡಬೇಕಾಗಿ ಬಂತು. ಷರತ್ತು ಬಿಟ್ಟು ಒಪ್ಪಿಗೆಯನ್ನಷ್ಟೇ ಉದ್ಧರಿಸುವುದಕ್ಕೆ ಕೋರ್ಟಿನಲ್ಲಾದರೆ ಬೇರೆ ಹೆಸರಿದೆ.

‘ಬರೀ ಬೆಳಕು ತಾನೇ, ಅದರಿಂದ ಯಾರಿಗೆ ಏನಾದೀತು?’ ಸ್ತನದ ಗಡ್ಡೆ ತೆಗೆದಾದ ಮೇಲೆ ಆ ಕುಳಿಯೊಳಗೆ ಕೈಯಲ್ಲಿ ಹಿಡಿಯುವಂಥ ಪುಟ್ಟ ಕ್ಯಾಮೆರಾ ಇಳಿಸಿ, ಉಳಿದ ಕ್ಯಾನ್ಸರ್ ಎಲ್ಲಿ ಹೊಳೆಯುತ್ತದೆ ಎಂದು ಹುಡುಕುವ ಲ್ಯುಮಿಸೆಲ್ ಕಂಪನಿಯ ಸಾಧನವಿದೆ. ಹೊಳೆಯಬೇಕಾದರೆ ಆಪರೇಷನ್‌ಗೆ 2ರಿಂದ 6 ಗಂಟೆ ಮೊದಲು ರಕ್ತನಾಳಕ್ಕೆ ಔಷಧ ಕೊಡಬೇಕು. ಅದರ ಟ್ರಯಲ್‌ನಲ್ಲಿ 357 ಮಹಿಳೆಯರ ಪೈಕಿ 27 ಮಂದಿಯಲ್ಲಿ ಸರ್ಜನ್ ಕಣ್ಣಿಗೆ ತಪ್ಪಿದ್ದ ಕ್ಯಾನ್ಸರ್ ಹೊರಬಂತು. ಸಣ್ಣ ಲಾಭವಲ್ಲ. ಆದರೆ ಅದೇ ಟ್ರಯಲ್, ಕ್ಯಾನ್ಸರ್ ಉಳಿದಿದ್ದ ಜಾಗಗಳಲ್ಲಿ ಯಂತ್ರ ಗುರುತಿಸುವುದು ಸುಮಾರು ಅರ್ಧವನ್ನು ಮಾತ್ರ ಎಂದೂ, ಔಷಧದಿಂದ ಇಬ್ಬರಿಗೆ ಗಂಭೀರ ತೊಂದರೆಯಾಯಿತೆಂದೂ ದಾಖಲಿಸಿತು. 2024ರಲ್ಲಿ ಒಪ್ಪಿಗೆ ಬಂದಾಗ ಜೀವಕ್ಕೆ ಕುತ್ತಾಗಬಲ್ಲ ಅಲರ್ಜಿಯ ಎಚ್ಚರಿಕೆ ಔಷಧದ ಲೇಬಲ್‌ನಲ್ಲಿ ಚೌಕಟ್ಟಿನೊಳಗೆ ಅಚ್ಚಾಗಿ ಬಂತು. ಪರದೆಯಲ್ಲಿ ಏನೂ ಹೊಳೆಯಲಿಲ್ಲವೆಂದು ನಿಶ್ಚಿಂತೆಯಾಗಿ ಹೊಲಿಗೆ ಹಾಕಿ ಕೈತೊಳೆಯುವಂತಿಲ್ಲ, ಪೆಥಾಲಜಿ ವರದಿ ಬರಲೇಬೇಕು ಎಂದು ಇವತ್ತು ಸರ್ಜನ್‌ಗೆ ಗೊತ್ತಿದೆ. ಟ್ರಯಲ್ ಬೇಡ ಎನ್ನುವವರು ಇದನ್ನು ಯಾವ ರೋಗಿಯ ಮೇಲೆ ಕಲಿಯಬೇಕೆಂದಿದ್ದರು?

ಕೊನೆಗೆ ಕರುಣೆಯ ವಾದ: ‘ಬಡವರಿಗೆ ಮ್ಯಾಮೊಗ್ರಾಂ ಎಟುಕುವುದಿಲ್ಲ. ಏನೂ ಇಲ್ಲದ್ದಕ್ಕಿಂತ ಇದು ಮೇಲಲ್ಲವೇ?’ ಏನೂ ಇಲ್ಲ ಎಂಬುದೇ ಸುಳ್ಳು. ಮುಂಬೈಯ ಟಾಟಾ ಮೆಮೋರಿಯಲ್ ವೈದ್ಯರು 1998ರಲ್ಲಿ ಕೊಳೆಗೇರಿಗಳ 1,51,538 ಮಹಿಳೆಯರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ತರಬೇತಾದ ಆರೋಗ್ಯ ಕಾರ್ಯಕರ್ತೆಯರಿಂದ ಎರಡು ವರ್ಷಕ್ಕೊಮ್ಮೆ ಕೈಯಿಂದ ಸ್ತನ ಪರೀಕ್ಷೆ ಮಾಡಿಸಿದರು. 20 ವರ್ಷಗಳ ಲೆಕ್ಕ 2021ರಲ್ಲಿ ಬಂತು. 50 ದಾಟಿದವರಲ್ಲಿ ಸ್ತನ ಕ್ಯಾನ್ಸರ್ ಸಾವು ಹತ್ತಿರಹತ್ತಿರ ಶೇ 30ರಷ್ಟು ಇಳಿದಿತ್ತು; ಅದಕ್ಕಿಂತ ಚಿಕ್ಕವರಲ್ಲಿ ಇಳಿದಿರಲಿಲ್ಲ, ಅದನ್ನೂ ಮುಚ್ಚಿಡದೆ ಬರೆದರು. ಹತ್ತು ಬೆರಳುಗಳ ಪರೀಕ್ಷೆಯನ್ನೇ ಎರಡು ದಶಕ ಒರೆಗೆ ಹಚ್ಚಿದ ದೇಶ ಕ್ಯಾಮೆರಾಕ್ಕೆ ರಿಯಾಯಿತಿ ಕೊಡುವುದು ಯಾವ ನ್ಯಾಯ? ಬಡವರ ಮೇಲಿನ ಕಾಳಜಿ ಅಷ್ಟು ನಿಜವಾದರೆ, ಹೊಸ ಯಂತ್ರವನ್ನು ಇದೇ ಕೈಪರೀಕ್ಷೆಯ ಎದುರು ಇಳಿಸಲಿ, ಸಾವು ಎಷ್ಟು ಕಡಿಮೆಯಾಯಿತು ಎಂದು ಎಣಿಸಲಿ. ಪ್ರಾಥಮಿಕ ಆರೋಗ್ಯ ಕೇಂದ್ರಗಳೂ ಆಶಾ ಕಾರ್ಯಕರ್ತೆಯರೂ ಊರೂರಲ್ಲಿ ಇದ್ದಾರೆ. ಯಂತ್ರದವರು ಯಾವಾಗ ಬರುತ್ತಾರೆ?